ಹದಿಮೂರರ ಅಂಕ, ಮೂವತ್ತರ ಕೆಲಸ

ಹದಿಮೂರು ವರ್ಷದ ಮಗುವಿನ ಆಪ್ಟಿಟ್ಯೂಡ್ (ಕಲಿಕೆಯ ಸಾಮರ್ಥ್ಯ ಅಳೆಯುವ ಪರೀಕ್ಷೆಯ) ವರದಿ ಕೈಗೆ ಬಂದರೆ ಎಲ್ಲರ ಕಣ್ಣೂ ಹೋಗುವುದು ಅತಿ ಹೆಚ್ಚು ಅಂಕದ ಸಾಲಿಗೆ. ಮೊದಲು ನೋಡಬೇಕಾದದ್ದು ಹುಟ್ಟಿದ ದಿನಾಂಕ, ಆಮೇಲೆ ಅಂಕವನ್ನು ಯಾರಿಗೆ ಹೋಲಿಸಿ ಕೊಟ್ಟಿದ್ದಾರೆ ಎಂಬುದು. ತರಗತಿಗೆ ಹೋಲಿಸಿದ್ದರೆ ಎಚ್ಚರ ಬೇಕು. ಒಂದೇ ತರಗತಿಯ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರವಿರಬಹುದು. ಆರನೇ ವಯಸ್ಸಿನಲ್ಲಿ ಅದು ಆಯಸ್ಸಿನ ಆರನೇ ಒಂದು ಪಾಲಿಗೆ ಹತ್ತಿರ. ಚುರುಕು ಎಂದು ಹೊಗಳಿಸಿಕೊಂಡದ್ದು ಎಷ್ಟೋ ಸಲ ಬರೀ ಹಿರಿತನ. ಕೆನಡಾದ ಐಸ್ ಹಾಕಿಯಲ್ಲಿ ವಯೋಗುಂಪನ್ನು ಎಣಿಸುವುದು ಜನವರಿ 1ರಿಂದ. ಅಲ್ಲಿನ ಆಯ್ದ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ತಂಡ 1985ರಲ್ಲೇ ತೋರಿಸಿತ್ತು. ಆಯ್ಕೆಯಾದವರಿಗೆ ಒಳ್ಳೆಯ ತರಬೇತುದಾರರು, ಹೆಚ್ಚು ಅಭ್ಯಾಸ ಸಿಗುತ್ತದೆ. ಹಾಗಾಗಿ ಇಲ್ಲದಿದ್ದ ಅಂತರ ನಾಲ್ಕೈದು ವರ್ಷದಲ್ಲಿ ನಿಜವಾಗಿಬಿಡುತ್ತದೆ.

ಇನ್ನು ಅಂಕಗಳ ನಡುವಿನ ವ್ಯತ್ಯಾಸ. ಭಾಷೆಗೆ 121, ಗಣಿತಕ್ಕೆ 114 ಬಂದಿದೆ ಎನ್ನೋಣ. ಇದನ್ನು ನೋಡಿ ಮಗು ಭಾಷೆಯ ಕಡೆಗೆ ಎನ್ನುವುದು ಆತುರ. ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15, ವಿಶ್ವಾಸಾರ್ಹತೆ (ಮತ್ತೆ ಪರೀಕ್ಷಿಸಿದರೂ ಅಂಕ ಎಷ್ಟರಮಟ್ಟಿಗೆ ಹಾಗೇ ಉಳಿಯುತ್ತದೆ ಎಂಬುದು, ಗರಿಷ್ಠ 1) 0.90 ಇರುವ ಪರೀಕ್ಷೆಯಲ್ಲಿ ಒಂದೊಂದು ಅಂಕದಲ್ಲೂ ಹೆಚ್ಚುಕಡಿಮೆ 5ರಷ್ಟು ಮಾಪನ ದೋಷವಿರುತ್ತದೆ. ಎರಡನ್ನು ಹೋಲಿಸುವಾಗ ಎರಡರ ದೋಷವೂ ಸೇರುತ್ತದೆ, ಆದ್ದರಿಂದ ನೂರಕ್ಕೆ ತೊಂಬತ್ತೈದರಷ್ಟು ಖಚಿತತೆ ಬೇಕೆಂದರೆ ಅಂತರ 13 ದಾಟಬೇಕು; ದಾಟದಿದ್ದರೆ ಅದನ್ನು ಒಲವು ಎಂದು ಓದಲೇಬಾರದು.

ದಾಟಿದರೆ ಮಾತ್ರ ಅದು ಬೆಲೆಯುಳ್ಳ ಮಾಹಿತಿ. ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಅಧ್ಯಯನದಲ್ಲಿ ಕಾಲೇಜು ಪ್ರವೇಶಕ್ಕೆಂದು ಇದ್ದ ಎಸ್‌ಎಟಿ ಪರೀಕ್ಷೆಯನ್ನು ಹದಿಮೂರರ ಮಕ್ಕಳಿಗೆ ಕೊಟ್ಟರು. ದಶಕಗಳ ನಂತರ ನೋಡಿದರೆ ಗಣಿತದ ಕಡೆ ವಾಲಿದವರು ಪೇಟೆಂಟುಗಳತ್ತ, ಭಾಷೆಯ ಕಡೆ ವಾಲಿದವರು ಪುಸ್ತಕಗಳತ್ತ ಹೆಚ್ಚಾಗಿ ಹೋಗಿದ್ದರು. ಎಲ್ಲರೂ ಪ್ರತಿಭಾವಂತರೇ, ದಿಕ್ಕು ಹೇಳಿದ್ದು ವಾಲಿಕೆ.

ಪರೀಕ್ಷೆ ಅಳೆಯದ್ದು ವರದಿಯಲ್ಲಿ ಕಾಣುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಸಾವಿರದೈನೂರು ಬುದ್ಧಿವಂತ ಮಕ್ಕಳನ್ನು ಆರಿಸಲು ಹೊರಟಾಗ ವಿಲಿಯಂ ಶಾಕ್ಲಿ, ಲೂಯಿಸ್ ಅಲ್ವಾರೆಜ್ ಇಬ್ಬರೂ ಪರೀಕ್ಷೆ ಕೊಟ್ಟು ಹೊರಗುಳಿದರು. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಒಬ್ಬರಿಗೂ ಬರಲಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುತ್ತದೆ, ನಿಜ. ಆದರೆ ಆ ಪರೀಕ್ಷೆಯ ಒತ್ತು ಭಾಷೆಯ ಮೇಲಿತ್ತು. ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿಗೆ ಅಲ್ಲಿ ಜಾಗವಿರಲಿಲ್ಲ. ಇವತ್ತಿಗೂ ಎಷ್ಟೋ ವರದಿಗಳಲ್ಲಿ ಆ ಸಾಲು ಇರುವುದಿಲ್ಲ. ಕೇಳಿ ಹಾಕಿಸಿಕೊಳ್ಳಿ.

ನಿರೀಕ್ಷೆಯ ಕಥೆ ಬೇರೆ. ಮೂವತ್ತಕ್ಕೆ ಯಾವ ಕೆಲಸದಲ್ಲಿರುತ್ತೀರಿ ಎಂದು 2018ರ ಪೀಸಾ (ಹಲವು ದೇಶಗಳ ವಿದ್ಯಾರ್ಥಿಗಳ ಕಲಿಕೆ ಅಳೆಯುವ ಅಂತರರಾಷ್ಟ್ರೀಯ) ಸಮೀಕ್ಷೆ ಹದಿನೈದರವರನ್ನು ಕೇಳಿತ್ತು. 41 ದೇಶ-ಪ್ರದೇಶಗಳಲ್ಲಿ ಹುಡುಗರಲ್ಲಿ ಶೇ. 47, ಹುಡುಗಿಯರಲ್ಲಿ ಶೇ. 53 ಮಂದಿ ಹತ್ತೇ ಉದ್ಯೋಗಗಳೊಳಗೆ ಉತ್ತರ ಕೊಟ್ಟರು. ಕನಸು ಎಂದು ನಾವು ಕರೆಯುವುದು ಬಹುಪಾಲು ಕೇಳಿ ಗೊತ್ತಿರುವ ಹುದ್ದೆಗಳ ಪಟ್ಟಿ, ಅಷ್ಟೆ. ಆದ್ದರಿಂದ ಹುದ್ದೆಯ ಹೆಸರು ಬಿಟ್ಟು ಗಂಟೆಗಳ ಲೆಕ್ಕ ಬರೆಸಬೇಕು. ಆ ಕೆಲಸ ಮಾಡುವವರೊಬ್ಬರ ಜೊತೆ ಒಂದು ದಿನ ಇದ್ದು, ಅವರು ಕಾಗದಪತ್ರಕ್ಕೆ ಎಷ್ಟು, ಜನರ ಜೊತೆ ಮಾತಿಗೆ ಎಷ್ಟು, ಒಬ್ಬರೇ ಕೂತು ಯೋಚಿಸಲು ಎಷ್ಟು ಹೊತ್ತು ಕೊಟ್ಟರು ಎಂದು ಗುರುತು ಹಾಕಲಿ. ವಾಸ್ತುಶಿಲ್ಪಿಯಾಗುತ್ತೇನೆಂದ ಹುಡುಗಿಗೆ ಚಿತ್ರ ಬಿಡಿಸುವುದಕ್ಕಿಂತ ಅನುಮತಿ ಪತ್ರ, ಗುತ್ತಿಗೆದಾರರ ಫೋನುಗಳೇ ಹೆಚ್ಚು ಕಂಡಾವು. ಅದರಿಂದ ಬೇಸರವಾದರೆ ಈಗಲೇ ಗೊತ್ತಾಗಲಿ.

ಆಸಕ್ತಿ ಪರೀಕ್ಷೆಯನ್ನು ಹದಿನಾಲ್ಕಕ್ಕೆ ಮಾಡಿಸಿದ್ದರೆ ಹದಿನೆಂಟು ದಾಟಿದ ಮೇಲೆ ಮತ್ತೆ ಮಾಡಿಸಿ. ಆಸಕ್ತಿಗಳು ಗಟ್ಟಿಯಾಗುವುದು ಹದಿನೆಂಟರಿಂದ ಇಪ್ಪತ್ತೆರಡರ ನಡುವೆ. ಅಲ್ಲಿಯವರೆಗೆ ವಿಷಯ ಬಿಡುವುದಾದರೆ ಗಣಿತವನ್ನು ಮಾತ್ರ ಕೊನೆಗೆ ಬಿಡಿ. ಚರಿತ್ರೆಯನ್ನು ಮೂವತ್ತಕ್ಕೂ ಓದಿ ಹಿಡಿಯಬಹುದು. ಗಣಿತದಲ್ಲಿ ಮುಂದಿನ ಪಾಠ ಹಿಂದಿನದರ ಮೇಲೆ ನಿಂತಿರುವುದರಿಂದ, ಎರಡು ವರ್ಷ ಬಿಟ್ಟವರು ಮರಳಿ ಬರುವುದು ಕಡಿಮೆ.