ಲೈಟ್ರೊ ಮುಚ್ಚಿತು; ಇಟಗಿ ಕಂಬಗಳ ಫೋಕಸ್ ಈಗ ಬದಲಿಸುವುದು ಹೇಗೆ?

ಪ್ರಶ್ನೆ: “ಸರ್, ಇಟಗಿ ಮಹಾದೇವ ಗುಡಿ ಕಂಬಗಳನ್ನ ಲೈಟ್ರೊ ಇಲ್ಲಮ್ ಕ್ಯಾಮೆರಾದಾಗ ತೆಗೆದಿಟ್ಟೀನಿ. ಕಂಪನಿ ಮುಚ್ಚಿ ಹೋಗೇತಿ. ಈಗ ಆ ಫೈಲು ಬ್ಯಾರೆ ಸಾಫ್ಟ್‌ವೇರ್‌ದಾಗ ತೆರೆಯಂಗಿಲ್ಲ. ಜೆಪೆಗ್ ಇದ್ದಂಗ ಎಲ್ಲಾ ಕಡೆ ನಡೆಯೋ ಫಾರ್ಮ್ಯಾಟ್ ಇದಕ್ಕಿಲ್ಲೇನ್ರಿ?” (ಕುಕನೂರಿನ ಓದುಗರು)

ಉತ್ತರ: ಇದೆ, ಹೆಸರು ಜೆಪೆಗ್ ಪ್ಲೆನೊ. ಆದರೆ ನಿಮ್ಮ ಫೈಲನ್ನು ನೇರವಾಗಿ ಅದಕ್ಕೆ ಹಾಕಲು ಬರುವುದಿಲ್ಲ. ನಡುವೆ ಒಂದು ಕೆಲಸ ಬಾಕಿ ಇದೆ, ತೊಡಕೆಲ್ಲ ಅಲ್ಲೇ.

ಇಲ್ಲಮ್ ಎಂದರೆ ಫೋಟೊ ತೆಗೆದ ಮೇಲೂ ಫೋಕಸ್ ಬದಲಿಸಲು ಬರುವ ಕ್ಯಾಮೆರಾ. 2014ರಲ್ಲಿ ಬಂದ ಇದರ ಸೆನ್ಸರ್ ಮುಂದೆ ಅತಿ ಸಣ್ಣ ಮಸೂರಗಳ ಒಂದು ಹಾಳೆ ಇರುತ್ತದೆ. ಮಸೂರದಿಂದ ಮಸೂರಕ್ಕೆ ಅಂತರ 20 ಮೈಕ್ರಾನ್, ಪಿಕ್ಸೆಲ್ಲಿನ ಅಗಲ 1.4 ಮೈಕ್ರಾನ್. ಅಂದರೆ ಒಂದೊಂದು ಮಸೂರದಡಿ ಅಡ್ಡಕ್ಕೆ ಹದಿನಾಲ್ಕು-ಹದಿನೈದು ಪಿಕ್ಸೆಲ್ ಕೂರುತ್ತವೆ. ಅವುಗಳಲ್ಲಿ ಪ್ರತಿಯೊಂದೂ ಮುಖ್ಯ ಲೆನ್ಸಿನ ಬೇರೆ ಬೇರೆ ಭಾಗದಿಂದ ಬಂದ ಬೆಳಕನ್ನು ಹಿಡಿಯುತ್ತದೆ. ಎಲ್ಲ ಮಸೂರಗಳಡಿಯಿಂದ ಒಂದೇ ಜಾಗದ ಪಿಕ್ಸೆಲ್‌ಗಳನ್ನು ಆರಿಸಿ ಜೋಡಿಸಿದರೆ ಲೆನ್ಸಿನ ಆ ಮೂಲೆಯಿಂದ ಕಂಡ ಒಂದು ಪುಟ್ಟ ಚಿತ್ರ ಸಿಗುತ್ತದೆ. ಹೀಗೆ 15×15, ಒಟ್ಟು 225 ನೋಟಗಳು. ಸಾಮಾನ್ಯವಾಗಿ ಒಂದೊಂದೂ 625×434 ಪಿಕ್ಸೆಲ್. ನಾಲ್ಕು ಕೋಟಿ ಪಿಕ್ಸೆಲ್ಲಿನ ಸೆನ್ಸರ್ ಕೊಂಡು ಮೂರು ಲಕ್ಷಕ್ಕಿಂತ ಕಡಿಮೆ ಪಿಕ್ಸೆಲ್ಲಿನ ಚಿತ್ರಗಳನ್ನು ಪಡೆಯುವುದು ಯಾರಿಗಾದರೂ ಬೇಸರವೇ. ಈ ಕ್ಯಾಮೆರಾ ಮಾರುಕಟ್ಟೆಯಲ್ಲಿ ನಿಲ್ಲದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಲೆಕ್ಕ.

ಫೋಕಸ್ ಬದಲಿಸುವ ಲೆಕ್ಕ ಮಾತ್ರ ಬಹಳ ಸರಳ. ಒಂದು ನೋಟದಿಂದ ಪಕ್ಕದ ನೋಟಕ್ಕೆ ಹೋದಾಗ ಮುಂದಿನ ಕಂಬ ಸರಿಯುವಷ್ಟೇ ಹಿಂದಿನ ಗೋಡೆ ಸರಿಯುವುದಿಲ್ಲ. ದೂರ ಬೇರೆಯಾದರೆ ಸರಿತವೂ ಬೇರೆ. 225 ನೋಟಗಳನ್ನು ಅವುಗಳ ಸ್ಥಾನಕ್ಕೆ ತಕ್ಕಷ್ಟು ಸರಿಸಿ, ಮುಂದಿನ ಕಂಬ ಎಲ್ಲದರಲ್ಲೂ ಒಂದರ ಮೇಲೊಂದು ಬರುವಂತೆ ಮಾಡಿ ಸರಾಸರಿ ತೆಗೆಯಿರಿ. ಕಂಬದ ಕೆತ್ತನೆ ಚೂಪಾಗುತ್ತದೆ, ಗೋಡೆ ಮಸುಕಾಗುತ್ತದೆ. ಗೋಡೆ ಬೇಕೆಂದರೆ ಸರಿಸುವ ಪ್ರಮಾಣ ಬದಲಿಸಿದರಾಯಿತು. ಇದಕ್ಕೆ ಕಂಪನಿಯ ಗುಟ್ಟು ಯಾವುದೂ ಬೇಡ, ಪೈಥಾನ್ ಬಲ್ಲ ಕಾಲೇಜು ಹುಡುಗರೂ ಬರೆದುಕೊಳ್ಳಬಹುದು.

ಗುಟ್ಟಿರುವುದು ಅದಕ್ಕೂ ಮೊದಲು. ಮಸೂರಗಳು ಚೌಕ ಮನೆಗಳಲ್ಲಿಲ್ಲ, ಜೇನುಗೂಡಿನ ಸಾಲಿನಲ್ಲಿವೆ. ಹಾಳೆ ಸೆನ್ಸರಿನ ಮೇಲೆ ಕೂದಲೆಳೆಯಷ್ಟು ಓರೆಯಾಗಿ ಕೂತಿರುತ್ತದೆ, ಆ ಓರೆ ಒಂದೊಂದು ಕ್ಯಾಮೆರಾಕ್ಕೂ ಬೇರೆ. ಯಾವ ಪಿಕ್ಸೆಲ್ ಯಾವ ಮಸೂರದಡಿ ಎಲ್ಲಿದೆ ಎಂದು ತಿಳಿಯಲು ಕಾರ್ಖಾನೆಯಲ್ಲಿ ಖಾಲಿ ಬಿಳುಪನ್ನು ಬೇರೆ ಬೇರೆ ಜೂಮ್, ಫೋಕಸ್‌ನಲ್ಲಿ ತೆಗೆದ ಚಿತ್ರಗಳು ಬೇಕು. ಅವಿಲ್ಲದ ಎಲ್‌ಎಫ್‌ಆರ್ (ಇಲ್ಲಮ್‌ನ ಕಚ್ಚಾ) ಫೈಲು ನಕ್ಷೆಯಿಲ್ಲದ ಪಹಣಿಯಂತೆ: ಹೊಲ ಎಷ್ಟಿದೆ ಎಂದು ಗೊತ್ತು, ಬದು ಎಲ್ಲಿದೆ ಎಂದು ಗೊತ್ತಿಲ್ಲ. ಜರ್ಮನಿಯ ರೇಟ್ರಿಕ್ಸ್ ಕ್ಯಾಮೆರಾಗಳಲ್ಲಂತೂ ಮೂರು ಬಗೆಯ ಮಸೂರಗಳು ಬೆರೆತಿರುತ್ತವೆ, ಬಿಡಿಸುವ ಕ್ರಮವೇ ಬೇರೆ. ಹಾಗಾಗಿ ಕಚ್ಚಾ ಫೈಲಿನ ಮಟ್ಟದಲ್ಲಿ ಎಲ್ಲರಿಗೂ ಒಂದೇ ಫಾರ್ಮ್ಯಾಟ್ ತರುವುದು ಕಷ್ಟ.

ನೋಟಗಳಾಗಿ ಬಿಡಿಸಿದ ಮೇಲೆ ಮಾತ್ರ ಎಲ್ಲ ಕ್ಯಾಮೆರಾಗಳೂ ಒಂದೇ ಭಾಷೆಗೆ ಬರುತ್ತವೆ. ಜೆಪೆಗ್ ಪ್ಲೆನೊ ಹಿಡಿದಿರುವುದು ಈ ದಾರಿಯನ್ನೇ. ಐಎಸ್‌ಒ/ಐಇಸಿ 21794 ಎಂಬ ಈ ಮಾನಕದ ಎರಡನೇ ಭಾಗ 2021ರಲ್ಲಿ ಪ್ರಕಟವಾಯಿತು. ಸಾಲು-ಸಾಲಾಗಿ ಜೋಡಿಸಿದ ನೋಟಗಳನ್ನು ಒಟ್ಟಿಗೆ ಕುಗ್ಗಿಸಿಡುವ ವಿಧಾನ ಅದರಲ್ಲಿದೆ. ಕುಗ್ಗಿಸದೆ ಇಟ್ಟರೆ ಒಂದು ಫೋಟೊಕ್ಕೆ 8 ಬಿಟ್ ಬಣ್ಣದಲ್ಲೇ ಸುಮಾರು 183 ಎಂಬಿ ಆಗುತ್ತದೆ. ಆದರೂ ನಿಮ್ಮಂಥವರಿಗೆ ಸದ್ಯಕ್ಕೆ ನನ್ನ ಸಲಹೆ 16 ಬಿಟ್ ಪಿಎನ್‌ಜಿ. ಸ್ಟುಡಿಯೊದಲ್ಲಿರುವ ಯಾವ ಕಂಪ್ಯೂಟರಿನಲ್ಲಾದರೂ ಅದು ತೆರೆಯುತ್ತದೆ, ಪ್ಲೆನೊ ಇನ್ನೂ ಅಷ್ಟು ಬಳಕೆಗೆ ಬಂದಿಲ್ಲ.

ಬಿಡಿಸಲು ಎರಡು ಉಚಿತ ಸಾಧನಗಳಿವೆ: ಡೊನಾಲ್ಡ್ ಡಾನ್ಸರೊ ಅವರ ಲೈಟ್ ಫೀಲ್ಡ್ ಟೂಲ್‌ಬಾಕ್ಸ್ (ಅದು ಓಡಲು ಬೇಕಾದ ಮ್ಯಾಟ್‌ಲ್ಯಾಬ್ ಉಚಿತವಲ್ಲ) ಮತ್ತು ಪೈಥಾನಿನ ಪ್ಲೆನಾಪ್ಟಿಕ್ಯಾಮ್. ನೋಟಗಳಿಗೆ ಹೆಸರಿಡುವಾಗ ಅಡ್ಡಸಾಲು, ಉದ್ದಸಾಲು ಎರಡರ ಸಂಖ್ಯೆಯೂ ಇರಲಿ. 1ರಿಂದ 225ರವರೆಗೆ ಸುಮ್ಮನೆ ಎಣಿಸಿಟ್ಟರೆ ಎಡದಿಂದ ಶುರುವೋ ಮೇಲಿನಿಂದ ಶುರುವೋ ಎಂದು ಮುಂದೆ ಯಾರಿಗೂ ತಿಳಿಯದು, ತಪ್ಪು ದಿಕ್ಕಿಗೆ ಸರಿಸಿದರೆ ಯಾವ ಕಂಬವೂ ಚೂಪಾಗದು. ನಾಲ್ಕು ಮೂಲೆಯ ನೋಟಗಳು ಕಪ್ಪಾಗಿರುತ್ತವೆ. ನಡುವಿನ 13×13 ಮಾತ್ರ ಉಳಿಸಿಕೊಂಡರೂ ನಷ್ಟವಿಲ್ಲ. ಗಾಮಾ (ನಡುಮಟ್ಟದ ಬೆಳಕಿನ ಹೊಂದಿಕೆ), ಕಾಂಟ್ರಾಸ್ಟ್ ಏರಿಸುವುದೆಲ್ಲ ಸರಾಸರಿ ತೆಗೆದ ಮೇಲೆ. ಮೊದಲೇ ಮಾಡಿದರೆ ಮಸುಕಾದ ಭಾಗದ ಬೆಳಕು ಸುಳ್ಳಾಗಿ ಕಾಣುತ್ತದೆ.

ಇದಕ್ಕೆಲ್ಲ ಮುಂಚೆ ಕ್ಯಾಮೆರಾ ಜೊತೆ ಬಂದ ಎಸ್‌ಡಿ ಕಾರ್ಡ್ ಹುಡುಕಿ. ಕಾರ್ಖಾನೆಯಲ್ಲಿ ತೆಗೆದ ಆ ಬಿಳಿ ಚಿತ್ರಗಳು ಆ ಕಾರ್ಡಿನಲ್ಲೇ ಬರುತ್ತಿದ್ದವು. ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೆ ಹಿಂದೆ ಲೈಟ್ರೊ ಸಾಫ್ಟ್‌ವೇರ್ ಹಾಕಿದ್ದ ಕಂಪ್ಯೂಟರಿನಲ್ಲಿ ಪ್ರತಿ ಉಳಿದಿದೆಯೇ ನೋಡಿ. ಅಲ್ಲೂ ಇಲ್ಲ, ಆದರೆ ಕ್ಯಾಮೆರಾ ಇನ್ನೂ ಓಡುತ್ತಿದೆ ಎಂದರೆ, ಇಟಗಿಯ ಫೋಟೊದಲ್ಲಿದ್ದ ಜೂಮ್, ಫೋಕಸ್‌ಗಳನ್ನೇ ಇಟ್ಟು ಲೆನ್ಸಿನ ಮುಂದೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಹಿಡಿದು, ಸಮನಾದ ಬೆಳಕಿನಲ್ಲಿ ನೀವೇ ಒಂದು ಬಿಳಿ ಚಿತ್ರ ತೆಗೆಯಬಹುದು. ಬಿಡಿಸಲು ಅಷ್ಟು ಸಾಕಾಗುತ್ತದೆ.