51 ಇಲ್ಲದವನಿಗೆ 51ರ ಇಂಜೆಕ್ಷನ್

ಬಾಗಿಲು ತಳ್ಳಿಕೊಂಡು ಬಂದ ಅಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ಜೆನೆಟಿಕ್ ರಿಪೋರ್ಟನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಒಂದು ಸಾಲಿಗೆ ಹಳದಿ ಬಣ್ಣ ಬಳಿದಿತ್ತು. "ಎಕ್ಸಾನ್ 51 ಡಿಲೀಷನ್. ನಮ್ಮ ಪುಣ್ಯ ಡಾಕ್ಟ್ರೇ, 51ಕ್ಕೇ ಇಂಜೆಕ್ಷನ್ ಬಂದಿದೆಯಂತಲ್ಲ. ಯಾವಾಗ ಶುರು ಮಾಡೋಣ?" ಹಿಂದೆ ನಿಂತ ತಾಯಿ ನಗುತ್ತಿದ್ದರು. ಮಗನಿಗೆ ಡುಶೆನ್ ಸ್ನಾಯುಕ್ಷಯ ಎಂದು ರೋಗದ ಹೆಸರು ಹೇಳಿದ ದಿನದಿಂದ ಆಕೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಏಳು ವರ್ಷದ ಹುಡುಗ ಮೇಜಿನಂಚು ಹಿಡಿದು ನನ್ನ ಸ್ಟೆತಸ್ಕೋಪನ್ನೇ ನೋಡುತ್ತಿದ್ದ.

ಆ ನಗು ಆರಿಸುವ ಕೆಲಸ ನನ್ನ ಪಾಲಿಗೆ ಬಂತು, ಇದು ಎಷ್ಟನೆಯ ಸಲವೋ. ಸಿಟ್ಟು ಬರುತ್ತದೆ. ಅಪ್ಪನ ಮೇಲಲ್ಲ, "51ರ ಔಷಧ" ಎಂದು ಅರ್ಧ ಮಾತು ಹೇಳಿ ಕೈತೊಳೆದುಕೊಳ್ಳುವವರ ಮೇಲೆ. ಅವರಲ್ಲಿ ನಮ್ಮ ಕಸುಬಿನವರೂ ಇದ್ದಾರೆ.

ನೇರವಾಗಿ ಹೇಳಿಬಿಡುತ್ತೇನೆ. ಡುಶೆನ್ ಸ್ನಾಯುಕ್ಷಯ ಇರುವ ಹುಡುಗನ ರಿಪೋರ್ಟಿನಲ್ಲಿ 51ನೇ ಎಕ್ಸಾನ್, ಅಂದರೆ ಜೀನಿನ 51ನೇ ತುಂಡು, ಕಳೆದುಹೋಗಿದೆ ಎಂದು ಬರೆದಿದ್ದರೆ, 51ರ ಇಂಜೆಕ್ಷನ್ ಅವನಿಗಲ್ಲ. ಆ ಔಷಧ ಕಳೆದುಹೋದದ್ದನ್ನು ತಂದುಕೊಡುವುದಿಲ್ಲ. ಇರುವ 51ನ್ನು ಮರೆಮಾಡುತ್ತದೆ, ಅಷ್ಟೇ. ಇಲ್ಲದ್ದನ್ನು ಮರೆಮಾಡಿ ಏನು ಪ್ರಯೋಜನ?

ಇದು ತಲೆಗೆ ಹೋಗಲಿ ಎಂದು ನಾನು ಕ್ಲಿನಿಕ್ಕಿನಲ್ಲಿ ಒಂದು ಹಾಳೆಯ ಮೇಲೆ ಈ ವಾಕ್ಯ ಬರೆಯುತ್ತೇನೆ: ಹುಡುಗ ಗಿಡದ ಬುಡಕ್ಕೆ ನೀರನ್ನು ಹಾಕಿದ. ಒಂದೊಂದು ಪದದಲ್ಲೂ ಮೂರೇ ಅಕ್ಷರ. ನಮ್ಮ ಜೀವಕೋಶವೂ ಜೀನ್ ಓದುವುದು ಹೀಗೆಯೇ, ಮೂರು ಮೂರು ಅಕ್ಷರವಾಗಿ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಎಣಿಕೆಯೇ ಅದಕ್ಕೆ ಆಧಾರ. ಈಗ "ಗಿ" ಒಂದನ್ನು ಅಳಿಸಿ, ಮತ್ತೆ ಮೂರು ಮೂರಾಗಿ ಓದಿ: ಹುಡುಗ ಡದಬು ಡಕ್ಕೆನೀ ರನ್ನುಹಾ ಕಿದ. ಹೋದದ್ದು ಒಂದೇ ಅಕ್ಷರ, ಕೆಟ್ಟದ್ದು ಅಲ್ಲಿಂದ ಮುಂದಿನ ಇಡೀ ಸಾಲು. ಡುಶೆನ್‌ನಲ್ಲಿ ಆಗುವುದು ಇದು. ಓದು ತಪ್ಪಿ ಸ್ವಲ್ಪ ದೂರ ಹೋಗುವಷ್ಟರಲ್ಲಿ "ಇಲ್ಲಿಗೆ ನಿಲ್ಲಿಸು" ಎಂಬ ಗುರುತು ಸಿಕ್ಕಿ ಕೆಲಸ ನಿಂತುಹೋಗುತ್ತದೆ, ಸ್ನಾಯುವಿನ ಎಳೆಯನ್ನು ಕಾಯಬೇಕಾದ ಡಿಸ್ಟ್ರೊಫಿನ್ ತಯಾರಾಗುವುದೇ ಇಲ್ಲ.

ಈಗ "ಡದ" ಎಂಬ ಎರಡಕ್ಷರವನ್ನೂ ಬೆರಳಿನಿಂದ ಮುಚ್ಚಿ. ಹುಡುಗ ಬುಡಕ್ಕೆ ನೀರನ್ನು ಹಾಕಿದ. ಯಾವುದರ ಬುಡಕ್ಕೆ ಎಂಬುದು ಹೋಯಿತು, ನೀರು ಹಾಕಿದ್ದು ಉಳಿಯಿತು. ಇಂಜೆಕ್ಷನ್ ಮಾಡುವುದು ಆ ಬೆರಳಿನ ಕೆಲಸ. ಹೀಗೆ ನಡುವೆ ತುಂಡಾದರೂ ಓದು ತಪ್ಪದ ಡಿಸ್ಟ್ರೊಫಿನ್ ಹುಟ್ಟಿನಿಂದಲೇ ಇರುವವರಿದ್ದಾರೆ. ಅವರದು ಬೆಕರ್ ಎಂಬ ಸೌಮ್ಯ ರೂಪ, ಅವರಲ್ಲಿ ಅನೇಕರು ನಡುವಯಸ್ಸಿನಲ್ಲೂ ನಡೆಯುತ್ತಾರೆ. ಈ ಚಿಕಿತ್ಸೆಯ ಆಲೋಚನೆ ಹುಟ್ಟಿದ್ದೇ ಅವರನ್ನು ನೋಡಿ.

ಡಿಸ್ಟ್ರೊಫಿನ್ ಜೀನ್‌ನಲ್ಲಿ 79 ಎಕ್ಸಾನ್‌ಗಳಿವೆ, ಒಂದೊಂದರ ಉದ್ದ ಒಂದೊಂದು. 50ನೆಯದರಲ್ಲಿ 109 ಅಕ್ಷರ. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಅದೇ ನಮ್ಮ "ಗಿ". 51ನೆಯದರಲ್ಲಿ 233, ಉಳಿಯುವುದು ಎರಡು, ಅದೇ "ಡದ". ಎರಡೂ ಸೇರಿದರೆ 342, ಮೂರರಿಂದ ಸರಿಯಾಗಿ ಹೋಗುತ್ತದೆ. ಆದ್ದರಿಂದ 50 ಕಳೆದುಕೊಂಡ ಹುಡುಗನಿಗೆ 51ರ ಇಂಜೆಕ್ಷನ್ ಒಪ್ಪುತ್ತದೆ. 52 ಮಾತ್ರ ಹೋದವನಿಗೂ ಒಪ್ಪುತ್ತದೆ, 48ರಿಂದ 50ರವರೆಗೆ ಹೋದವನಿಗೂ, 45ರಿಂದ 50ರವರೆಗೆ ಹೋದವನಿಗೂ. ಅವರ ಕಳೆದುಹೋದ ಪಟ್ಟಿಯಲ್ಲಿ 51 ಎಂಬ ಸಂಖ್ಯೆಯೇ ಇಲ್ಲ, ಗಮನಿಸಿ. ನನ್ನೆದುರಿನ ಹುಡುಗನಿಗೆ ಹೋಗಿರುವುದು "ಡದ". ಅವನಿಗೆ ಮುಚ್ಚಬೇಕಾದದ್ದು "ಗಿ", ಅಂದರೆ 50, ಇಲ್ಲವೇ ಆಚೆ ಪಕ್ಕದ 52. ಈ ಎರಡಕ್ಕೂ ಒಪ್ಪಿಗೆ ಪಡೆದ ಔಷಧ ಸದ್ಯ ಇಲ್ಲ.

ಇಷ್ಟು ಹೇಳಿದ ಮೇಲೂ "ಒಂದು ಸಲ ಹಾಕಿ ನೋಡಬಹುದಲ್ಲ" ಎನ್ನುತ್ತಾರೆ. ಹಾಕಿ ನೋಡುವ ಔಷಧ ಇದಲ್ಲ. ಮೊದಲನೆಯದು ಎಟೆಪ್ಲಿರ್ಸೆನ್, ಅದೇ 51ರ ಇಂಜೆಕ್ಷನ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟದ್ದು. ದೇಹತೂಕದ ಕಿಲೋಗೆ 30 ಮಿಲಿಗ್ರಾಂ, ವಾರಕ್ಕೊಮ್ಮೆ, ರಕ್ತನಾಳದ ಮೂಲಕ ಡ್ರಿಪ್‌ನಲ್ಲಿ 35 ನಿಮಿಷದಿಂದ ಒಂದು ಗಂಟೆ. ಇದು ಮೂಲ ಜೀನನ್ನು ಮುಟ್ಟುವುದಿಲ್ಲ, ಅದರ ಆರ್‌ಎನ್‌ಎ ನಕಲಿಗೆ ಅಂಟಿಕೊಳ್ಳುತ್ತದೆ. ನಕಲು ಹೊಸದಾಗಿ ಆಗುತ್ತಲೇ ಇರುತ್ತದೆ, ಹಾಗಾಗಿ ಪ್ರತಿ ವಾರ. ಆಮೇಲೆ 53ಕ್ಕೆ 2019ರಲ್ಲಿ ಗೊಲೊಡಿರ್ಸೆನ್, 2020ರಲ್ಲಿ ವಿಲ್ಟೊಲಾರ್ಸೆನ್, 45ಕ್ಕೆ 2021ರಲ್ಲಿ ಕ್ಯಾಸಿಮೆರ್ಸೆನ್ ಬಂದವು. 51 ಸುಮಾರು 13 ಶೇಕಡಾ ಹುಡುಗರಿಗೆ, 53 ಮತ್ತು 45 ತಲಾ ಸುಮಾರು 8 ಶೇಕಡಾಕ್ಕೆ. ಉಳಿದ ಬಹುಪಾಲು ಮಕ್ಕಳಿಗೆ ಇವು ಯಾವುವೂ ಅಲ್ಲ.

ಒಪ್ಪುವವರಿಗಾದರೂ ಎಷ್ಟು ಒಳ್ಳೆಯದಾಗುತ್ತದೆ? ಇಲ್ಲಿ ನಾನು ಅಳೆದು ತೂಗಿ ಮಾತಾಡುತ್ತೇನೆ, ಬೈದುಕೊಳ್ಳಬೇಡಿ. ಎಟೆಪ್ಲಿರ್ಸೆನ್‌ಗೆ ಒಪ್ಪಿಗೆ ಕೊಡುವಾಗ ಮುಂದಿದ್ದ ಅಳತೆಯಲ್ಲಿ, 48 ವಾರಗಳ ಬಳಿಕ ಡಿಸ್ಟ್ರೊಫಿನ್ ಸರಾಸರಿಯಲ್ಲಿ ಸಹಜ ಪ್ರಮಾಣದ 0.16 ಶೇಕಡಾದಿಂದ 0.44ಕ್ಕೆ ಏರಿತ್ತು. ಎಫ್‌ಡಿಎ ಒಳಗೇ ಇದರ ಬಗ್ಗೆ ಜಗಳವಾಯಿತು. ಯುರೋಪಿನ ಔಷಧ ಸಂಸ್ಥೆ 2018ರಲ್ಲಿ ಬೇಡವೆಂದಿತು. ರೋಗದ ಓಟ ನಿಧಾನವಾಗಬಹುದು ಎಂಬಷ್ಟು ಆಸೆ ಇಟ್ಟುಕೊಳ್ಳಬಹುದು. ಸವೆದುಹೋದ ಸ್ನಾಯು ಮರಳುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಇಷ್ಟು ಸಣ್ಣ ಲಾಭಕ್ಕಾಗಿ ಇರುವ ದೊಡ್ಡ ಲಾಭ ಕಳೆದುಕೊಳ್ಳುವವರನ್ನು ಕಂಡರೆ ಮಾತ್ರ ನನ್ನ ತಾಳ್ಮೆ ತಪ್ಪುತ್ತದೆ. ಇಂಜೆಕ್ಷನ್ ಶುರುವಾಯಿತು, ಇನ್ನೇಕೆ ಸ್ಟಿರಾಯ್ಡ್ ಎಂದು ಒಂದು ಮನೆಯವರು, ಸ್ನಾಯುವಿನ ಶಕ್ತಿ ಕಾಯುವ ಆ ಮಾತ್ರೆಯನ್ನು ತಾವೇ ನಿಲ್ಲಿಸಿದ್ದರು. ವರ್ಷಗಟ್ಟಲೆ ನುಂಗಿದ ಸ್ಟಿರಾಯ್ಡನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಹುಡುಗ ವಾಂತಿ ಮಾಡಿಕೊಂಡು ನಿತ್ರಾಣನಾಗಿ ಬಂದ, ಪುಣ್ಯಕ್ಕೆ ಉಳಿದುಕೊಂಡ. ಔಷಧ ಸೇರಿಸುವುದು, ಬಿಡುವುದು ಎರಡನ್ನೂ ನಿಮ್ಮ ವೈದ್ಯರೇ ಹೇಳಲಿ.

ಕಿಡ್ನಿಯದೂ ಒಂದು ಮಾತಿದೆ. ಈ ಔಷಧಗಳಲ್ಲಿ ಕೆಲವಕ್ಕೆ ಕಿಡ್ನಿಯ ಮೇಲೆ ಕಣ್ಣಿಡಬೇಕು. "ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ" ಎಂದು ರಿಪೋರ್ಟ್ ತೋರಿಸುತ್ತಾರೆ. ಕಿಡ್ನಿಯ ಅಂದಾಜಿಗೆ ರಕ್ತದಲ್ಲಿ ಅಳೆಯುವ ಈ ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಸ್ನಾಯುವೇ ಸೊರಗಿದವನಲ್ಲಿ ಅದು ಯಾವಾಗಲೂ ಕಡಿಮೆ, ಕಿಡ್ನಿ ಕೆಡುತ್ತಿದ್ದರೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ನಾವು ಸ್ನಾಯುವನ್ನು ನೆಚ್ಚದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಮತ್ತು ಮೂತ್ರದ ಪ್ರೋಟೀನ್ ಕೇಳುವುದು.

"ಹಾಗಾದರೆ ಒಂದೇ ಸಲ ಕೊಡುವ ಜೀನ್ ಥೆರಪಿಗೆ ಈ ಲೆಕ್ಕ ಬೇಡವಲ್ಲ?" ಎಂದೂ ಕೇಳುತ್ತಾರೆ. 2023ರ ಜೂನಿನಲ್ಲಿ ಎಫ್‌ಡಿಎ ಒಪ್ಪಿದ ಆ ಚಿಕಿತ್ಸೆಗೂ ರಿಪೋರ್ಟ್ ಬೇಕು. 8 ಅಥವಾ 9ನೇ ಎಕ್ಸಾನ್‌ನಲ್ಲಿ ಡಿಲೀಷನ್ ಇದ್ದವರಿಗೆ ಅದನ್ನು ಕೊಡುವಂತಿಲ್ಲ. 2025ರಲ್ಲಿ ನಡೆಯಲಾಗದ ಹುಡುಗರಲ್ಲಿ ಯಕೃತ್ತು ವಿಫಲವಾಗಿ ಸಾವಾದ ಮೇಲೆ ಎಚ್ಚರಿಕೆ ಇನ್ನಷ್ಟು ಬಿಗಿಯಾಗಿದೆ.

ರಿಪೋರ್ಟ್ ಎಂದೆನಲ್ಲ, ಯಾವ ರಿಪೋರ್ಟ್ ಎಂಬುದೂ ಮುಖ್ಯ. ಹಳೆಯ ಪಿಸಿಆರ್ ಪರೀಕ್ಷೆ ಆಯ್ದ ಕೆಲವು ಎಕ್ಸಾನ್‌ಗಳನ್ನಷ್ಟೇ ನೋಡುತ್ತಿತ್ತು. ತುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬುದು ಅದರಲ್ಲಿ ಖಚಿತವಿರುವುದಿಲ್ಲ, ನಮ್ಮ ಲೆಕ್ಕಕ್ಕೆ ಬೇಕಾದದ್ದು ಅದೇ. 79ನ್ನೂ ನೋಡುವ ಎಂಎಲ್‌ಪಿಎ ಎಂಬ ಪರೀಕ್ಷೆ ಮಾಡಿಸಿ. ಅದರಲ್ಲಿ ಒಂದೇ ಎಕ್ಸಾನ್ ಹೋಗಿದೆ ಎಂದು ಬಂದರೆ ಇನ್ನೊಂದು ವಿಧಾನದಿಂದ ಖಚಿತಪಡಿಸಿಕೊಳ್ಳಿ, ಒಮ್ಮೊಮ್ಮೆ ಒಂದಕ್ಷರದ ಬದಲಾವಣೆಯೂ ಡಿಲೀಷನ್‌ನಂತೆ ಕಾಣುತ್ತದೆ. ಏನೂ ಸಿಗದಿದ್ದರೆ ಸೀಕ್ವೆನ್ಸಿಂಗ್, ಅಂದರೆ ಜೀನನ್ನು ಅಕ್ಷರ ಅಕ್ಷರವಾಗಿ ಓದುವ ಪರೀಕ್ಷೆ. ಆ ಅಪ್ಪನ ಕೈಯಲ್ಲೂ ನಾನು ಬರೆದುಕೊಟ್ಟದ್ದು ಮರುಪರೀಕ್ಷೆಯ ಚೀಟಿ. ದೊಡ್ಡ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದೆ.

ಇವರೆಲ್ಲರ ನಡುವೆ ಒಬ್ಬ ಅಜ್ಜ ನೆನಪಾಗುತ್ತಾರೆ, ನಿವೃತ್ತ ಗಣಿತ ಮೇಷ್ಟ್ರು. ಮೊಮ್ಮಗನಿಗೆ 44 ಹೋಗಿತ್ತು. ಹಾಳೆಯ ಮೇಲಿನ ವಾಕ್ಯ ನೋಡಿಕೊಂಡು ಸುಮ್ಮನೆ ಹೋದವರು, ಮುಂದಿನ ಸಲ 79 ಎಕ್ಸಾನ್‌ಗಳ ಉದ್ದವನ್ನೂ ಮೊಮ್ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದರು. "44ರಲ್ಲಿ 148, 45ರಲ್ಲಿ 176. ಕೂಡಿದರೆ 324, ಮೂರರಿಂದ ಹೋಗುತ್ತೆ. 45ರದ್ದು ಇವನಿಗಾಗುತ್ತೆ, ಸರಿಯೇ?" ಸರಿ ಎಂದೆ. ಕನ್ನಡಕ ಮೇಲೇರಿಸಿ ಇನ್ನೊಂದು ಪುಟ ತಿರುವಿದರು. "43ರಲ್ಲಿ 173. ಅದನ್ನು ಕೂಡಿದರೂ 321, ಹೋಗುತ್ತೆ. ಅದಕ್ಕೇಕೆ ಔಷಧ ಮಾಡಿಲ್ಲ?"

ಆ ದಾರಿಯ ಔಷಧಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ ಎಂದೆ. ಅಜ್ಜ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪುಸ್ತಕ ಮುಚ್ಚಿದರು. "ಆಯ್ತು, 45ರದ್ದೇ ಬರೀರಿ."

"ಮೊದಲು ಮೂತ್ರದ ಪರೀಕ್ಷೆ" ಎಂದೆ.