ಬಿಪಿಎಂ, ಕೀ, ಕ್ಯಾಮೆಲಾಟ್: ವಯಲಿನ್ ಕನ್ಸರ್ಟೊಗೆ ಅಂಟಿಸಿದ ಮೂರು ಚೀಟಿ

ಜರ್ಮನ್ ಸಂಗೀತಕಾರ ಮೆಂಡೆಲ್ಸನ್ 1844ರಲ್ಲಿ ಬರೆದು ಮುಗಿಸಿದ ವಯಲಿನ್ ಕನ್ಸರ್ಟೊದ (ಒಂಟಿ ವಯಲಿನ್ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿಯ) ರೆಕಾರ್ಡಿಂಗ್ ಒಂದನ್ನು ಡಿಜೆ ಸಾಫ್ಟ್‌ವೇರ್‌ಗೆ ಹಾಕಿ ನೋಡಿ. ಕೆಲವೇ ಕ್ಷಣದಲ್ಲಿ ಮೂರು ಉತ್ತರ ಬರುತ್ತವೆ: ಇಷ್ಟು ಬಿಪಿಎಂ, ಇಂಥ ಕೀ, ಇಂಥ ಕ್ಯಾಮೆಲಾಟ್ ಸಂಖ್ಯೆ (ಕೀಗೆ ಡಿಜೆಗಳು ಬಳಸುವ ಗುರುತು). ಡ್ಯಾನ್ಸ್ ಹಾಡಿಗೆ ಬಹುತೇಕ ಅಷ್ಟೇ ಸಾಕು. ಕನ್ಸರ್ಟೊಗೆ ಸಾಲದು. ಯಾಕೆ ಅಂತ ತಿಳಿಯಬೇಕಾದರೆ ಆ ಉತ್ತರಗಳು ಹೇಗೆ ಹುಟ್ಟುತ್ತವೆ ಅಂತ ನೋಡಬೇಕು.

ಬಿಪಿಎಂ ಅಂದರೆ ಒಂದು ನಿಮಿಷಕ್ಕೆ ಎಷ್ಟು ಬೀಟ್ ಬೀಳುತ್ತದೆ ಅನ್ನುವ ಲೆಕ್ಕ. ಸಾಫ್ಟ್‌ವೇರ್ ಇದಕ್ಕಾಗಿ ಶಬ್ದ ದಿಢೀರನೆ ಏರುವ ಜಾಗಗಳನ್ನು ಹುಡುಕುತ್ತದೆ. ಡ್ರಮ್ ಪೆಟ್ಟು ಬಿದ್ದಾಗ ಆ ಏರಿಕೆ ಗೋಡೆಯ ಹಾಗೆ ನೆಟ್ಟಗಿರುತ್ತದೆ. ವಯಲಿನ್ನಿನ ಉದ್ದ ಸ್ವರ ಹಾಗಲ್ಲ. ಕಮಾನು ತಂತಿಯನ್ನು ಹಿಡಿದು, ನಾದ ಮೆಲ್ಲಗೆ ತುಂಬಿಕೊಳ್ಳುತ್ತದೆ. ಬೀಟ್ ಎಲ್ಲಿ ಶುರುವಾಯಿತು ಅಂತ ಯಂತ್ರಕ್ಕೆ ಗೊತ್ತಾಗುವುದೇ ಕಷ್ಟ. ಹಾಗಾಗಿ ಒಂದೇ ತುಣುಕಿಗೆ ಒಮ್ಮೆ 60, ಇನ್ನೊಮ್ಮೆ 120 ಅಂತ ತೋರಿಸಿದರೂ ಆಶ್ಚರ್ಯವಿಲ್ಲ. ಎರಡರಲ್ಲಿ ಯಾವುದು ಸರಿ ಅನ್ನುವುದಕ್ಕೆ ಕಾಲಿನಲ್ಲಿ ತಾಳ ಹಾಕಿ ನೋಡುವುದೇ ಒಳ್ಳೆಯ ದಾರಿ.

ವೇಗ ಒಂದೇ ಸಮ ಇರುವುದೂ ಇಲ್ಲ. ವಾದಕರು ಒಂದು ಸಾಲನ್ನು ಎಳೆಯುತ್ತಾರೆ, ಮುಂದಿನದನ್ನು ಓಡಿಸುತ್ತಾರೆ. ವಯಲಿನ್ ಒಂಟಿಯಾಗಿ ನುಡಿಯುವ ಕೆಡೆನ್ಜಾದಲ್ಲಂತೂ ಎಣಿಸುವಂಥ ಬೀಟೇ ಇರುವುದಿಲ್ಲ. ಇದೆಲ್ಲವನ್ನೂ ಸೇರಿಸಿ ಒಂದು ಸರಾಸರಿ ಸಂಖ್ಯೆ ಕೊಟ್ಟರೆ, ಸಂಗೀತ ಆ ವೇಗದಲ್ಲಿ ಇರುವುದು ತೀರಾ ಕಡಿಮೆ ಹೊತ್ತು. ಮಿಕ್ಸ್‌ಗೆ (ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಬೆಸೆದು ದಾಟುವುದಕ್ಕೆ) ಬೇಕಾಗುವುದು ಇಡೀ ಟ್ರ್ಯಾಕಿನ ಬಿಪಿಎಂ ಅಲ್ಲ, ನೀವು ಒಳಗೆ ಬರುವ ಜಾಗದ ಬಿಪಿಎಂ. ಬೀಥೊವನ್ 1806ರಲ್ಲಿ ಬರೆದ ಡಿ ಮೇಜರ್ ಕನ್ಸರ್ಟೊ ತೆಗೆದುಕೊಳ್ಳಿ. ಅದು ಶುರುವಾಗುವುದೇ ಟಿಂಪನಿ ಅನ್ನುವ ದೊಡ್ಡ ಡ್ರಮ್ಮಿನ ಮೆತ್ತಗಿನ ನಾಲ್ಕು ಪೆಟ್ಟಿನಿಂದ. ಐದನೆಯ ಪೆಟ್ಟಿಗೆ ಸರಿಯಾಗಿ ಓಬೋ, ಕ್ಲಾರಿನೆಟ್‌ನಂಥ ಊದುವಾದ್ಯಗಳು ಸೇರಿಕೊಳ್ಳುತ್ತವೆ. ಇದಕ್ಕಿಂತ ಒಳ್ಳೆಯ ಬಾಗಿಲು ಬೇಕಾ?

ಇನ್ನು ಕೀ. ಶ್ರುತಿ ಅಂದರೆ ಆಧಾರ ಸ್ವರ ಅಷ್ಟೇ. ಕೀ ಅಂದರೆ ಆಧಾರ ಸ್ವರದ ಜೊತೆಗೆ ಅದರ ಏಳು ಸ್ವರಗಳ ಗುಂಪೂ ಸೇರಿತು. ಸ್ವರಗಳಿಗೆ ಎಯಿಂದ ಜಿವರೆಗಿನ ಅಕ್ಷರಗಳೇ ಹೆಸರು; ಮೇಜರ್, ಮೈನರ್ ಅನ್ನುವುದು ಗುಂಪಿನ ಎರಡು ಬಗೆ. ಯಂತ್ರ ಹನ್ನೆರಡು ಸ್ವರಗಳಲ್ಲಿ ಯಾವುದು ಎಷ್ಟು ಕೇಳಿಸಿತು ಅಂತ ಲೆಕ್ಕ ಹಾಕಿ, ಯಾವ ಕೀಗೆ ಹತ್ತಿರ ಅಂತ ತೀರ್ಮಾನಿಸುತ್ತದೆ. ಇ ಮೈನರ್ ಮತ್ತು ಜಿ ಮೇಜರ್ ಎರಡಕ್ಕೂ ಸ್ವರಗಳು ಅವೇ ಏಳು, ಮನೆ ಮಾತ್ರ ಬೇರೆ. ಅದಕ್ಕೇ ಇವೆರಡರ ನಡುವೆ ಯಂತ್ರ ಆಗಾಗ ಎಡವುತ್ತದೆ. ಮಿಕ್ಸ್ ಮಾಡುವವರಿಗೆ ಈ ತಪ್ಪಿನಿಂದ ಜಾಸ್ತಿ ತೊಂದರೆಯಿಲ್ಲ, ಯಾಕೆ ಅಂತ ಕ್ಯಾಮೆಲಾಟ್ ಚಕ್ರ ನೋಡಿದರೆ ತಿಳಿಯುತ್ತದೆ.

ಈ ಚಕ್ರ ಗಡಿಯಾರದ ಮುಖದಂತೆ ಇದೆ. 1ರಿಂದ 12ರವರೆಗೆ ಸಂಖ್ಯೆಗಳು, ಮೈನರ್‌ಗೆ ಎ, ಮೇಜರ್‌ಗೆ ಬಿ. ಈ ಎ, ಬಿ ಸ್ವರದ ಹೆಸರಲ್ಲ. ಇ ಮೈನರ್ 9ಎ, ಜಿ ಮೇಜರ್ 9ಬಿ. ಒಂದೇ ಸಂಖ್ಯೆ ಇದ್ದರೆ ಸ್ವರಗಳೂ ಒಂದೇ. ಪಕ್ಕದ ಸಂಖ್ಯೆಗೆ ಹೋದರೆ ಏಳರಲ್ಲಿ ಆರು ಸ್ವರ ಹೊಂದುತ್ತವೆ, ಒಂದು ಮಾತ್ರ ಬದಲಾಗುತ್ತದೆ. ಅದಕ್ಕೇ ಪಕ್ಕದ ಸಂಖ್ಯೆಯ ಅದೇ ಅಕ್ಷರಕ್ಕೆ, ಇಲ್ಲವೇ ಅದೇ ಸಂಖ್ಯೆಯ ಇನ್ನೊಂದು ಅಕ್ಷರಕ್ಕೆ ಹೋಗಿ ಅಂತ ಹೇಳಿಕೊಡುತ್ತಾರೆ.

ಈಗ ಮೆಂಡೆಲ್ಸನ್‌ಗೆ ವಾಪಸ್ ಬರೋಣ. ಚೀಟಿಯಲ್ಲಿ ಇ ಮೈನರ್ ಅಂತಿರುತ್ತದೆ. ಆದರೆ ಎರಡನೆಯ ಭಾಗ ಸಿ ಮೇಜರ್, ಅಂದರೆ 8ಬಿ. ಮೂರನೆಯದು ಇ ಮೇಜರ್, 12ಬಿ. 9ಎಯಿಂದ 8ಬಿಗೆ ನೇರ ದಾರಿಯಿಲ್ಲ, ಓರೆಯಾಗಿ ಜಿಗಿಯಬೇಕು. ಮೆಂಡೆಲ್ಸನ್ ಈ ಜಿಗಿತವನ್ನು ಮಾಡಿದ ರೀತಿ ನನಗೆ ಎಷ್ಟು ಸಲ ಕೇಳಿದರೂ ಸಾಕೆನಿಸುವುದಿಲ್ಲ. ಮೊದಲ ಭಾಗ ಜೋರಾಗಿ ಮುಗಿಯುತ್ತದೆ. ಎಲ್ಲ ವಾದ್ಯಗಳೂ ನಿಂತಾಗ ಬಸೂನ್ ಅನ್ನುವ ಒಂದು ಊದುವಾದ್ಯ ಮಾತ್ರ ಬಿ ಸ್ವರವನ್ನು ಬಿಡದೆ ಹಿಡಿದಿರುತ್ತದೆ. ಆಮೇಲೆ ಮೆಲ್ಲಗೆ ಅರ್ಧ ಸ್ವರ ಮೇಲೇರಿ ಸಿಗೆ ಬರುತ್ತದೆ. ಅಲ್ಲಿಗೆ ಹೊಸ ಕೀ ತೆರೆದುಕೊಳ್ಳುತ್ತದೆ. ಎರಡು ಟ್ರ್ಯಾಕ್ ನಡುವೆ ಒಂದು ಎಳೆ ಉಳಿಸಿ ದಾಟುವ ಕೆಲಸ ಅಂದರೆ ಇದೇ ಅಲ್ವಾ? 8ಬಿಯಿಂದ 12ಬಿಗೆ ಹೋಗುವಾಗಲೂ ಅಷ್ಟೇ. ನಡುವೆ ಇ ಮೈನರ್‌ನ ಒಂದು ಪುಟ್ಟ ತುಣುಕು ಇಟ್ಟು, ಅದರ ಮೇಲೆ ಕಾಲಿಟ್ಟು ದಾಟುತ್ತಾರೆ. ಹೀಗಿರುವ ಕೃತಿಗೆ 9ಎ ಅನ್ನುವುದು ಮೊದಲ ಭಾಗದ ಮನೆಯ ವಿಳಾಸ ಅಷ್ಟೇ. ಆ ಭಾಗದ ಒಳಗೂ ಸಂಗೀತ ಬೇರೆ ಬೇರೆ ಕೀಗಳಿಗೆ ಹೋಗಿ ಬರುತ್ತಿರುತ್ತದೆ.

ಇನ್ನೊಂದು ವಿಷಯ ತುಂಬ ಜನರನ್ನು ಗೊಂದಲಕ್ಕೆ ಬೀಳಿಸುತ್ತದೆ. ವಿವಾಲ್ಡಿಯ ನಾಲ್ಕು ಋತುಗಳ ಕನ್ಸರ್ಟೊಗಳು 1725ರಲ್ಲಿ ಅಚ್ಚಾದವು. ಅದರಲ್ಲಿ ವಸಂತದ್ದು ಇ ಮೇಜರ್, 12ಬಿ. ಆದರೆ ಕೆಲವು ರೆಕಾರ್ಡಿಂಗ್‌ಗಳಿಗೆ ಸಾಫ್ಟ್‌ವೇರ್ ಇ ಫ್ಲಾಟ್ ಮೇಜರ್, 5ಬಿ ಅನ್ನುತ್ತದೆ. ಸಾಫ್ಟ್‌ವೇರ್ ಕೇಳಿಸಿಕೊಂಡದ್ದು ಸರಿಯಾಗೇ ಇದೆ. ಇಂದಿನ ಸಾಮಾನ್ಯ ಶ್ರುತಿಯಲ್ಲಿ ಎ ಸ್ವರ 440 ಹರ್ಟ್ಸ್. ಹಳೆಯ ಶೈಲಿಯಲ್ಲಿ ನುಡಿಸುವ ಅನೇಕ ತಂಡಗಳು ಅದನ್ನು 415ಕ್ಕೆ ಇಳಿಸುತ್ತವೆ, ಅಂದರೆ ಸುಮಾರು ಅರ್ಧ ಸ್ವರ ಕೆಳಗೆ. ಕಿವಿಗೆ ಅರ್ಧ ಸ್ವರದ ವ್ಯತ್ಯಾಸ, ಚಕ್ರದಲ್ಲಿ ಮಾತ್ರ ಐದು ಮನೆ ದೂರ. ಸುಮ್ನೆ ಆಲ್ಬಂ ಹೆಸರು ನೋಡಿ ಇಂಥ ಎರಡು ರೆಕಾರ್ಡಿಂಗ್‌ಗಳನ್ನು ಒಂದರ ಮೇಲೊಂದು ಹಾಕಿದರೆ ಕರ್ಕಶವಾಗುತ್ತದೆ. ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಸೌಲಭ್ಯ) ತೆಗೆದು, ಕೆಳಗಿನ ಶ್ರುತಿಯದನ್ನು ಸುಮಾರು 6 ಪರ್ಸೆಂಟ್ ವೇಗ ಮಾಡಿ. ಶ್ರುತಿ ಅರ್ಧ ಸ್ವರ ಏರಿ ಎರಡೂ 12ಬಿಯಲ್ಲಿ ನಿಲ್ಲುತ್ತವೆ.